ಎಡತೋಳಿನ ಮೇಲೆ ನಾಲ್ಕು ಬೆರಳು

ಹೋದ ಶತಮಾನದ ಹೆಸರಾಂತ ಹೆಂಗಸರಿಗೆಂದು ಪತ್ರಿಕೆಗಳು ವರ್ಷಕ್ಕೊಮ್ಮೆ ಒಂದಿಡೀ ಪುಟ ಬಿಡುತ್ತವೆ. ಮೊದಲ ವೈದ್ಯೆ, ಮೊದಲ ವಿಮಾನ ಚಾಲಕಿ, ಮೊದಲ ನ್ಯಾಯಾಧೀಶೆ. ಆ ಸಾಲಿನಲ್ಲಿ ನಮ್ಮ ಈಜುಗಾರ್ತಿಯೂ ಇರುತ್ತಾಳೆ. ಇಪ್ಪತ್ತೆರಡನೇ ವಯಸ್ಸಿಗೆ ಮೂವತ್ತು ಮೈಲಿ ಸಮುದ್ರ ಈಜಿ ಆಚೆ ದಡ ಮುಟ್ಟಿದವಳು. ಅವಳದು ಹಾಕುವುದು ಯಾವಾಗಲೂ ಒಂದೇ ಚಿತ್ರ, ಸೋಪಿನ ಕ್ಯಾಲೆಂಡರಿನದು: ಬಲಗೈ ಸೊಂಟದ ಮೇಲೆ, ಎಡಗೈ ಏಣಿಯ ಕಂಬಿಯ ಮೇಲೆ, ಮುಖದ ತುಂಬ ನಗು. ಮುಂದಿನ ಸಲ ಆ ಪುಟ ಬಂದಾಗ ನಗು ನೋಡಬೇಡಿ. ಎಡತೋಳು ನೋಡಿ. ಬೆಣ್ಣೆ ತಿಕ್ಕಿದ ಹಾಗಿದೆ. ಅದನ್ನು ಹಾಗೆ ಮಾಡಿದವಳು ಪೆನ್ಸಿಲಮ್ಮ, ಫೋಟೋ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವ ಕೆಲಸದವಳು. ಪುಟ ತುಂಬಿಸುವವರಿಗೆ ಅವಳು ಬೇಕಾಗಿಲ್ಲ. ನನಗೆ ಬೇಕು.

ಆ ಕೆಲಸ ಮೊದಲು ಅವಳ ಗಂಡನದಾಗಿತ್ತು. ಅವನ ಕಣ್ಣು ಮಂಜಾಗತೊಡಗಿದಾಗ ಇವಳು ಪಕ್ಕದಲ್ಲಿ ಕೂತು ಎಲ್ಲಿ ಕಲೆ ಇದೆ ಎಂದು ಹೇಳುತ್ತಿದ್ದಳು. ಆಮೇಲೆ ಅವನ ಕೈ ಹಿಡಿದು ನಡೆಸಿದಳು. ಕೊನೆಗೆ ಪೆನ್ಸಿಲ್ ಇವಳ ಕೈಗೇ ಬಂತು. ಕೈ ಬದಲಾದದ್ದು ಸ್ಟುಡಿಯೋ ಯಜಮಾನನಿಗೆ ಎರಡು ತಿಂಗಳು ಗೊತ್ತೇ ಆಗಲಿಲ್ಲ. ಗೊತ್ತಾದ ದಿನ ಅವನು ಬೈಯಲಿಲ್ಲ. ಸಂಬಳ ಅರ್ಧ ಮಾಡಿದ. ಹೆಂಗಸಿಗೆ ಅಷ್ಟು ಸಾಕಂತೆ.

ಕೋಣೆ ಮಹಡಿಯ ಮೇಲಿತ್ತು. ಬಿಸಿಲು ನೇರ ಬೀಳದ ಒಂದು ಕಿಟಕಿ, ಅದರ ಎದುರು ಇಳಿಜಾರಾದ ಹಲಗೆ, ಹಲಗೆಯ ನಡುವೆ ಅಂಗೈಯಗಲದ ಕಿಂಡಿ. ಕೆಳಗಿಟ್ಟ ಕನ್ನಡಿಯಿಂದ ಬೆಳಕು ಕಿಂಡಿಗೆ ಬೀಳುತ್ತಿತ್ತು. ಅದರ ಮೇಲೆ ಗಾಜಿನ ನೆಗೆಟಿವ್ ಇಟ್ಟು, ತಲೆಯ ಮೇಲೆ ಕಪ್ಪು ಬಟ್ಟೆ ಎಳೆದುಕೊಂಡು ಕೂತರೆ ಅವಳಿಗೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಮೈಮೇಲಿನ ಕಪ್ಪು ಕಲೆ ಅಲ್ಲಿ ತೆಳುವಾಗಿ, ಬೆಳಕು ಸೋರುವ ತೂತಿನ ಹಾಗೆ ಕಾಣುತ್ತದೆ. ಆ ತೂತನ್ನು ಪೆನ್ಸಿಲಿನಿಂದ ತುಂಬಿದರೆ ಚಿತ್ರದಲ್ಲಿ ಕಲೆ ಮಾಯ. ಆದರೆ ನುಣುಪು ಗಾಜಿನ ಮೇಲೆ ಪೆನ್ಸಿಲ್ ಕೂರುವುದಿಲ್ಲ. ಅದಕ್ಕೆ ಮೊದಲು ಟರ್ಪಂಟೈನಿನಲ್ಲಿ ಕರಗಿಸಿದ ಅಂಟನ್ನು ಹತ್ತಿಯಿಂದ ಸವರಬೇಕು. ಪೆನ್ಸಿಲಿಗೆ ಹಿಡಿತ ಸಿಗುವುದು ಆಮೇಲೆ. ಮರಳುಕಾಗದದ ಮೇಲೆ ಉಜ್ಜಿ ಉಜ್ಜಿ ಸೂಜಿಯಾದ ಮೊನೆಯಿಂದ ಸಾಸಿವೆಗಿಂತ ಸಣ್ಣ ಸುಳಿಗಳನ್ನು ಒಂದರ ಪಕ್ಕ ಒಂದು ಹಾಕುತ್ತ ಹೋಗಬೇಕು. ಮೊಡವೆ, ಸಿಡುಬಿನ ಕುಳಿ, ಕಣ್ಣ ಕೆಳಗಿನ ಕಪ್ಪು, ಎಲ್ಲಕ್ಕೂ ಅದೇ ಮದ್ದು. "ಮುಖ ಓದೋಕೆ ಹೋಗ್ಬೇಡ, ತಿದ್ದು ಅಷ್ಟೇ," ಎಂದು ಗಂಡ ಹೇಳಿಕೊಟ್ಟಿದ್ದ.

ಈಜುಗಾರ್ತಿ ಸ್ಟುಡಿಯೋಗೆ ಬರುತ್ತಿದ್ದದ್ದು ಗಂಡನ ಜೊತೆ. ಅವಳಿಗೆ ಈಜು ಕಲಿಸಿದವನೂ ಅವನೇ. ಊರೆಲ್ಲ ಅವನನ್ನು ಕೋಚ್ ಎನ್ನುತ್ತಿತ್ತು. ಕ್ಯಾಲೆಂಡರಿನ ಚಿತ್ರಕ್ಕೆ ಬಂದ ಮೊದಲ ಸಲವೇ ಅವನು ಯಜಮಾನನಿಗೆ ಹೇಳಿದ್ದ: "ತೋಳಿಗೆ ಬಂಡೆ ತಗುಲಿದೆ. ನೀರಲ್ಲಿ ಇದೆಲ್ಲ ಇದ್ದದ್ದೇ. ಸ್ವಲ್ಪ ನೋಡ್ಕೊಳಿ." ಯಜಮಾನ ಮೆಟ್ಟಿಲ ಬುಡದಿಂದ ಕೂಗಿದ: "ಪೆನ್ಸಿಲಮ್ಮಾ, ಬಂಡೆ ತಗುಲಿದ್ದಂತೆ, ನೋಡ್ಕೊಳ್ಳಮ್ಮಾ!"

ನಾಲ್ಕು ಗುರುತು ಒಂದು ಕಡೆ, ಸಾಲಾಗಿ. ಐದನೆಯದು ಎದುರು ಕಡೆ, ಸ್ವಲ್ಪ ದಪ್ಪ. ಯಾವ ಬಂಡೆಗೆ ಹೆಬ್ಬೆರಳಿರುತ್ತದೆ?

ಕ್ಯಾಲೆಂಡರಿನ ಚಿತ್ರ ತೆಗೆದ ವಾರ ಈಜುಗಾರ್ತಿ ಒಬ್ಬಳೇ ಮಹಡಿ ಹತ್ತಿ ಬಂದಳು. ಕೋಚ್ ಕೆಳಗೆ ಸೋಪಿನ ಕಂಪನಿಯವರ ಜೊತೆ ಮಾತಿನಲ್ಲಿದ್ದ. ಪೆನ್ಸಿಲಮ್ಮ ಬಟ್ಟೆ ಎತ್ತಿ ಅವಳಿಗೂ ಜಾಗ ಕೊಟ್ಟಳು. ಇಬ್ಬರ ತಲೆಯೂ ಒಂದೇ ಕತ್ತಲೊಳಗೆ.

"ಇದೇನಕ್ಕ, ನಾನು ಇದ್ದಿಲ ಗೊಂಬೆ ತರ ಇದೀನಿ?"

"ಗಾಜಲ್ಲಿ ಎಲ್ಲಾರೂ ಹಾಗೇನೆ. ನಮ್ಮ ಸ್ಟುಡಿಯೋ ಯಜಮಾನರ ಬೋಳುತಲೆ ನೋಡ್ಬೇಕು ನೀನು. ಬಾಣಲೆ ತಳ."

ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ ಬೆರಳನ್ನು ಗಾಜಿಗೆ ತಾಗಿಸದೆ ಎಡತೋಳಿನ ಮೇಲೆ ಹಿಡಿದಳು.

"ಇದನ್ನ ಇನ್ನೂ ತುಂಬಿಲ್ವಾ?"

"ಇವತ್ತು ಶುರು ಮಾಡ್ತೀನಿ. ಗೊತ್ತೇ ಆಗಲ್ಲ, ನೋಡ್ತಿರು."

"ಬಿಟ್ಬಿಡಿ ಅಕ್ಕ. ಇದೊಂದರಲ್ಲಿ ಬಿಟ್ಬಿಡಿ."

"ಏನನ್ನ?"

"ಹಾಗೇ ಇರ್ಲಿ. ಎಲ್ಲಾ ಮನೆ ಗೋಡೆಗೂ ಹೋಗುತ್ತಲ್ಲ. ಯಾರಾದ್ರೂ ಒಬ್ರು ನೋಡಿ ಕೇಳ್ಲಿ."

"ಅಯ್ಯೋ ತಾಯಿ, ಅಷ್ಟು ಗೋಡೆಗೆ ಹೋಗೋ ಚಿತ್ರ ಚೆನ್ನಾಗಿ ಕಾಣ್ಬೇಡ್ವಾ? ನೀನು ಹೋಗು, ನಾನು ನೋಡ್ಕೋತೀನಿ."

ಕೆಳಗಿನಿಂದ ಕೋಚ್‌ನ ದನಿ ಬಂತು: "ಏನು, ಮೇಲೇ ಸಂಸಾರ ಹೂಡಿದ್ಯಾ?" ಹುಡುಗಿ ಬಟ್ಟೆ ಸರಿಸಿ ಇಳಿದು ಹೋದಳು. ಆಮೇಲೆ ಒಂಬತ್ತು ವರ್ಷ, ಹನ್ನೊಂದು ಸಲ ಸ್ಟುಡಿಯೋಗೆ ಬಂದಳು. ಒಮ್ಮೆಯೂ ಮೆಟ್ಟಿಲು ಹತ್ತಲಿಲ್ಲ.

ಹುಡುಗಿ ಕೇಳಿದ್ದು ಏನೆಂದು ಗೊತ್ತಾಗಲಿಲ್ಲ ಎಂದು ಪೆನ್ಸಿಲಮ್ಮ ಯಾವತ್ತೂ ಹೇಳಿದವಳಲ್ಲ. ಗೊತ್ತಾಗಿತ್ತು. ಆದರೆ ಕೈಯೊಳಗಿನ ಕಸುಬು ಕಿವಿಗಿಂತ ಜೋರು. ಮೂರು ದಿನ ಕೂತು ಆ ತೋಳು ತುಂಬಿದಳು. ಅಂಥ ಕೆಲಸ ಅವಳು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಕ್ಯಾಲೆಂಡರ್ ಬಂದಾಗ ಪಕ್ಕದ ಮನೆಯವರಿಗೆ ತೋರಿಸಿದಳು: "ಮುಖ ಅವಳ್ದು. ತೋಳು ನಂದು!"

ಮೂವತ್ತು ಮೈಲಿ ಸಮುದ್ರ ಈಜಿದವಳು ಮೂವತ್ತೊಂದನೇ ವಯಸ್ಸಿನಲ್ಲಿ ಸತ್ತದ್ದು ಮನೆಯ ಹಿತ್ತಲಿನ ಎದೆಮಟ್ಟದ ಕೊಳದಲ್ಲಿ. ಅಭ್ಯಾಸ ಮಾಡುವಾಗ ತಲೆಸುತ್ತು ಬಂತು ಎಂದ ಕೋಚ್. ಪೊಲೀಸರು ಹೂಂ ಎಂದರು. ಪತ್ರಿಕೆಗಳು ಕ್ಯಾಲೆಂಡರಿನ ಚಿತ್ರಕ್ಕೆ ಕಪ್ಪು ಅಂಚು ಕಟ್ಟಿ ಹಾಕಿದವು. ಪರವೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳ ತಂಗಿ ಬಂದು ಸೇರುವಷ್ಟರಲ್ಲಿ ದೇಹ ಮಣ್ಣಿಗೆ ಹೋಗಿತ್ತು.

ತಂಗಿ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದಳು. ಅಕ್ಕ ಬರೆದ ಕಾಗದಗಳಲ್ಲಿ ಹೊಡೆತದ ಮಾತಿತ್ತು. ಕೋಚ್‌ನ ವಕೀಲ ಕಾಗದಕ್ಕೆ ಕಾಗದ ತೋರಿಸಲಿಲ್ಲ, ಚಿತ್ರ ತೋರಿಸಿದ. ಒಂಬತ್ತು ವರ್ಷದ ಹನ್ನೆರಡು ಚಿತ್ರ, ಈಜುಡುಗೆಯಲ್ಲಿ. ತೋಳು, ತೊಡೆ, ಬೆನ್ನು, ಎಲ್ಲ ಕಾಣುವಂಥವು. "ಎಲ್ಲಿದೆ ಸ್ವಾಮಿ ಹೊಡೆತ? ನನಗಂತೂ ಒಂದು ಸೊಳ್ಳೆ ಕಚ್ಚಿದ ಗುರುತೂ ಕಾಣ್ತಿಲ್ಲ."

ಆ ಸಂಜೆ ತಂಗಿ ಪೆನ್ಸಿಲಮ್ಮನ ಮನೆ ಹುಡುಕಿಕೊಂಡು ಬಂದಳು. ಕೂರಿ ಎಂದರೂ ಕೂರಲಿಲ್ಲ.

"ಅಮ್ಮಾ, ಈ ಚಿತ್ರಗಳನ್ನ ತಿದ್ದಿದ್ದು ನೀವಂತೆ. ನಮ್ಮಕ್ಕನ ಮೈಮೇಲೆ ಏನಾದ್ರೂ ಇತ್ತಾ?"

ಪೆನ್ಸಿಲಮ್ಮ ಉತ್ತರ ಹೇಳುವ ಮೊದಲೇ ಮಂಚದ ಮೇಲಿದ್ದ ಕುರುಡು ಗಂಡ ಬಾಯಿ ಹಾಕಿದ. "ಏನೂ ಇರಲಿಲ್ಲ ತಾಯಿ. ಹೋಗ್ಬಾ." ಅವಳು ಹೊರಟ ಮೇಲೆ ಹೆಂಡತಿಯ ಕಡೆ ಮುಖ ತಿರುಗಿಸಿದ. "ನಮಗ್ಯಾಕೆ ಊರ ಉಸಾಬರಿ? ನಮ್ಗೆ ಕೊಟ್ಟಿರೋದು ಪೆನ್ಸಿಲ್ಲು, ಬಾಯಲ್ಲ."

"ಬಿಟ್ಬಿಡಿ ಅಂದಿದ್ಲು ರೀ."

"ಏನು?"

"ಇದೊಂದರಲ್ಲಿ ಬಿಟ್ಬಿಡಿ ಅಂದಿದ್ಲು. ನಾನು ಬಿಡಲಿಲ್ಲ."

ಗಂಡ ಮಂಚದ ಮೇಲೆ ಎದ್ದು ಕೂತ. ಆಮೇಲೆ ಕೇಳಿದ್ದು ಕಸುಬಿನವನ ಪ್ರಶ್ನೆ. "ಪೆನ್ಸಿಲ್ಲೋ, ಬಣ್ಣವೋ?"

"ಪೆನ್ಸಿಲ್ಲೇ."

"ಹಾಗಾದ್ರೆ ಅಳಿಸಿದ್ರೆ ಗುರುತು ವಾಪಸ್ ಬರುತ್ತೆ," ಎಂದು ಗೋಡೆ ಕಡೆ ತಿರುಗಿ ಮಲಗಿದ.

ಮರುದಿನ ಊಟದ ಚೀಲದಲ್ಲಿ ಕ್ಯಾಲೆಂಡರಿನ ನೆಗೆಟಿವ್ ಸ್ಟುಡಿಯೋದಿಂದ ಹೊರಬಂತು. ಕದ್ದದ್ದೇ, ಅದಕ್ಕೆ ಬೇರೆ ಹೆಸರಿಲ್ಲ. ತಂಗಿಯ ಕಡೆಯ ಸಾಕ್ಷಿಯಾಗಿ ನ್ಯಾಯಾಧೀಶರ ಮೇಜಿನ ಮುಂದೆ ನಿಂತು ಪೆನ್ಸಿಲಮ್ಮ ಹತ್ತಿಯನ್ನು ಟರ್ಪಂಟೈನಿನಲ್ಲಿ ಅದ್ದಿ ಗಾಜಿನ ಮೇಲೆ ಒಮ್ಮೆ ಎಳೆದಳು. ಮೂರು ದಿನದ ಕೆಲಸ ಮೂರು ಗಳಿಗೆಯಲ್ಲಿ ಹತ್ತಿಗೆ ಮೆತ್ತಿಕೊಂಡಿತು. ಕೋರ್ಟೇ ಬೇರೆ ಸ್ಟುಡಿಯೋಗೆ ಕಳಿಸಿ ಹೊಸ ಪ್ರಿಂಟ್ ಹಾಕಿಸಿತು. ಅದೇ ನಗು, ಅದೇ ಏಣಿ. ಎಡತೋಳಿನ ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆರಳು.

ಅಲ್ಲಿಗೆ ಮುಗಿಯಬೇಕಿತ್ತು. ವಕೀಲ ಎದ್ದ.

"ನಿಮ್ಮ ಕೆಲಸ ಏನಮ್ಮಾ?"

"ಫೋಟೋ ತಿದ್ದೋದು."

"ಅಂದ್ರೆ ಇದ್ದದ್ದನ್ನ ಇಲ್ಲ ಅನ್ಸೋದು."

"ಹೌದು."

"ಎಷ್ಟು ವರ್ಷದಿಂದ?"

"ಇಪ್ಪತ್ತಾರು."

"ನಿಮ್ಮ ಹತ್ರ ಪೆನ್ಸಿಲ್ ಒಂದೇನಾ ಇರೋದು?"

"ಚಾಕೂನೂ ಇದೆ."

"ಚಾಕುವಿನಲ್ಲಿ ಗಾಜು ಕೆರೆದ್ರೆ ಚಿತ್ರದಲ್ಲಿ ಏನಾಗುತ್ತೆ?"

"ಕಪ್ಪು ಬರುತ್ತೆ."

"ಅಂದ್ರೆ ಇಲ್ಲದ ಗುರುತನ್ನೂ ನೀವು ಹುಟ್ಟಿಸಬಹುದು?"

"ಹುಟ್ಟಿಸಬಹುದು. ಆದ್ರೆ ಕೆರೆದಿದ್ರೆ ಗಾಜಿನ ಮೇಲೆ ಗೀರಿರುತ್ತೆ ಸ್ವಾಮಿ. ಉಗುರಲ್ಲಿ ಸವರಿ ನೋಡಿ, ತಗುಲುತ್ತೆ. ಇದರಲ್ಲಿಲ್ಲ, ಸವರಿ ನೋಡಿ."

"ಇಪ್ಪತ್ತಾರು ವರ್ಷ ಸುಳ್ಳು ಬರೆದು ಹೊಟ್ಟೆ ಹೊರೆದವರು ಇವತ್ತೊಂದಿನ ನಿಜ ಹೇಳೋಕೆ ಬಂದಿದಾರೆ," ಎಂದು ವಕೀಲ ಸಭೆಯ ಕಡೆ ತಿರುಗಿದ. ಜನ ನಕ್ಕರು. ನ್ಯಾಯಾಧೀಶರೂ ತುಟಿ ಅಂಚಿನಲ್ಲಿ ನಕ್ಕರು ಎಂದು ತಂಗಿ ಹೇಳುತ್ತಾಳೆ.

ಉಗುರಲ್ಲಿ ಯಾರೂ ಸವರಿ ನೋಡಲಿಲ್ಲ. ಈ ಮಾತನ್ನು ನಾನು ಎರಡು ಸಲ ಬರೆಯುತ್ತೇನೆ. ಅಷ್ಟು ಓದಿದವರು, ಅಷ್ಟು ಕಪ್ಪು ಕೋಟಿನವರು ಇದ್ದ ಆ ಕೋಣೆಯಲ್ಲಿ ಉಗುರಲ್ಲಿ ಯಾರೂ ಸವರಿ ನೋಡಲಿಲ್ಲ.

ಕೋಚ್ ಬಿಡುಗಡೆಯಾದ. ನೆಗೆಟಿವ್ ಸ್ಟುಡಿಯೋದ ಸ್ವತ್ತೆಂದು ಯಜಮಾನನಿಗೆ ವಾಪಸಾಯಿತು. ಅವನು ಅದನ್ನು ಬಿಸಿನೀರಿನಲ್ಲಿ ನೆನೆಹಾಕಿ, ಮೇಲಿನ ಚಿತ್ರವನ್ನೆಲ್ಲ ತೊಳೆದು, ಒಡೆದ ಕಪಾಟಿನ ಬಾಗಿಲಿಗೆ ಗಾಜು ಮಾಡಿಕೊಂಡ. ಪೆನ್ಸಿಲಮ್ಮನ ಕೆಲಸ ಹೋಯಿತು. ಕಳ್ಳಿ ಎಂಬ ಹೆಸರು ಮುಂಚೆಯೇ ಮುಟ್ಟಿದ್ದರಿಂದ ಬೇರೆ ಸ್ಟುಡಿಯೋಗಳೂ ಕರೆಯಲಿಲ್ಲ. ಕೈಚೀಲಕ್ಕೆ ಜಿಪ್ ಹೊಲಿದುಕೊಂಡು ಬದುಕಿದಳು. ಗಂಡ ಸತ್ತ.

ಹತ್ತು ವರ್ಷದ ಮೇಲೆ ಊರಿನ ಈಜುಕೊಳದ ಮುಂದೆ ಈಜುಗಾರ್ತಿಯ ಪ್ರತಿಮೆ ನಿಂತಿತು. ಸಿಮೆಂಟಿನದು, ಮೇಲೆ ಬಿಳಿ ಬಣ್ಣ. ಶಿಲ್ಪಿಗೆ ಕೊಟ್ಟದ್ದು ಅದೇ ಕ್ಯಾಲೆಂಡರ್. ಪರದೆ ಸರಿಸಿದ್ದು ಕೋಚ್, ಹಾರ ಹಾಕಿಸಿಕೊಂಡದ್ದೂ ಕೋಚ್. ಮರುದಿನ ಬೆಳಿಗ್ಗೆ ಪೆನ್ಸಿಲಮ್ಮ ನೋಡಲು ಹೋದಳು. ತಾನು ತುಂಬಿದ ತೋಳು ಅಲ್ಲಿತ್ತು, ಈಗ ಸಿಮೆಂಟಿನಲ್ಲಿ.

ಅವತ್ತಿನಿಂದ ಶುರುವಾಯಿತು. ವಾರಕ್ಕೊಮ್ಮೆ, ಕೊಳದ ಬಾಗಿಲು ತೆಗೆಯುವ ಮುಂಚೆ ಸಣ್ಣ ಸೀಸೆ, ಹತ್ತಿ, ಪೆನ್ಸಿಲ್ ಹಿಡಿದು ಬರುತ್ತಿದ್ದಳು. ನುಣುಪು ಬಣ್ಣದ ಮೇಲೆ ಪೆನ್ಸಿಲ್ ಕೂರುವುದಿಲ್ಲವಲ್ಲ. ಮೊದಲು ಅಂಟು ಸವರುತ್ತಿದ್ದಳು. ಅದು ಒಣಗುವವರೆಗೆ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಆಮೇಲೆ ಎಡತೋಳಿನ ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆರಳು. ಕಾವಲುಗಾರ ಮೊದಲು ಪುಂಡರ ಕೆಲಸ ಎಂದುಕೊಂಡಿದ್ದ. ಒಂದು ದಿನ ಸಿಕ್ಕಿಬಿದ್ದಳು.

"ಏನಜ್ಜಿ ಇದು, ವಯಸ್ಸಿಗೆ ತಕ್ಕ ಕೆಲಸಾನಾ? ಎಷ್ಟು ನೀರು ಹಾಕಿ ಉಜ್ಜಿದ್ರೂ ಹೋಗ್ತಿಲ್ವಲ್ಲ ನಿನ್ನ ಗೀಚು!"

"ನೀರಿಗೆ ಹೋಗಲ್ಲ ಕಣಪ್ಪ. ಟರ್ಪಂಟೈನ್ ಹಾಕ್ಬೇಕು."

ಪುಣ್ಯಾತ್ಗಿತ್ತಿ, ಅಳಿಸುವ ದಾರಿಯನ್ನೂ ತಾನೇ ಹೇಳಿಕೊಟ್ಟಳು.

ಈಜುಕೊಳದ ಕಾರ್ಯದರ್ಶಿ ಅವಳನ್ನು ಕಚೇರಿಗೆ ಕರೆಸಿದ. ಟೈಪು ಮಾಡಿಟ್ಟ ತಪ್ಪೊಪ್ಪಿಗೆ ಮುಂದೆ ತಳ್ಳಿದ. 'ಇನ್ನು ಮುಂದೆ ಹೆಸರಾಂತ ಈಜುಗಾರ್ತಿಯ ಪ್ರತಿಮೆಯನ್ನು ಅಂದಗೆಡಿಸುವುದಿಲ್ಲ' ಎಂದಿತ್ತು. ಸಹಿ ಹಾಕದಿದ್ದರೆ ಪೊಲೀಸ್ ಎಂದ.

ಪೆನ್ಸಿಲಮ್ಮ ಕನ್ನಡಕ ಏರಿಸಿ ಎರಡು ಸಲ ಓದಿದಳು.

"ಇದಕ್ಕೆ ಸಹಿ ಹಾಕಲ್ಲ ಸ್ವಾಮಿ. ಅಂದಗೆಡಿಸಿದ್ದು ನಾನಲ್ಲ."

"ಮತ್ತೆ ಯಾರು, ನಮ್ಮಪ್ಪನಾ?"

"ಅಂದ ಮಾಡಿದೋಳು ನಾನು. ತಪ್ಪು ಅದೇ. ಅದಕ್ಕೆ ಬೇಕಾದ್ರೆ ಬರ್ಕೊಡ್ತೀನಿ, ಒಂದು ಹಾಳೆ ಕೊಡಿ."

ಕಾರ್ಯದರ್ಶಿಗೆ ಫೈಲಿಗೆ ಒಂದು ಹಾಳೆ ಬೇಕಿತ್ತು, ಕೊಟ್ಟ. ಅವಳು ಬರೆದದ್ದು ಮೂರೇ ಸಾಲು, ಪೆನ್ಸಿಲಿನಲ್ಲಿ. ಕೊಳದ ಕಚೇರಿಯಲ್ಲಿ ಆ ಹಾಳೆಯನ್ನು ನಾನು ಕೈಯಾರೆ ಹಿಡಿದು ಓದಿದ್ದೇನೆ:

'ಹನ್ನೆರಡು ನೆಗೆಟಿವ್‌ಗಳಲ್ಲಿ ಈಕೆಯ ಮೈಮೇಲಿನ ಹೊಡೆತದ ಗುರುತುಗಳನ್ನು ನಾನು ಅಳಿಸಿದ್ದೇನೆ. ಒಂದರಲ್ಲಾದರೂ ಬಿಡಿ ಎಂದು ಆಕೆ ಕೇಳಿಕೊಂಡಿದ್ದಳು. ಬಿಡಲಿಲ್ಲ, ತಪ್ಪಾಯಿತು.'

ಅದರ ಕೆಳಗೆ ಕಾರ್ಯದರ್ಶಿಯ ಕೆಂಪು ಶಾಯಿ: 'ಮುದುಕಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ. ತಪ್ಪೊಪ್ಪಿಕೊಂಡಿದ್ದಾಳೆ. ಕ್ರಮ ಬೇಡ.'

ಅಲ್ಲಿಗೆ ಆ ಹೊಡೆತದ ಗುರುತು ಕಂಡವಳ ಸಾಕ್ಷಿ, ಗೋಡೆ ಗೀಚಿದವರ ಮೇಲಿನ ದೂರುಗಳ ಫೈಲಿನಲ್ಲಿ ಸೇರಿಹೋಯಿತು. ಅವಳು ಮತ್ತೂ ಎರಡು ವರ್ಷ ಬಂದಳು. ಕಾವಲುಗಾರ ಟರ್ಪಂಟೈನ್ ಡಬ್ಬಿಯನ್ನು ಬಾಗಿಲ ಹಿಂದೆಯೇ ಇಟ್ಟುಕೊಂಡಿದ್ದ. ಅವಳು ಬರೆದು ತಿರುಗುವುದರೊಳಗೆ ಇವನು ಒರೆಸುತ್ತಿದ್ದ. "ಬೈಕೋಬೇಡ ಅಜ್ಜಿ, ನನ್ನ ಕೆಲಸ," ಎನ್ನುತ್ತಿದ್ದ. "ಗೊತ್ತಪ್ಪ, ನಾನೂ ಹಾಗೇ ಅಂದ್ಕೊಂಡಿದ್ದೆ," ಎನ್ನುತ್ತಿದ್ದಳು. ಹೋದ ಚಳಿಗಾಲದಲ್ಲಿ ಸತ್ತಳು. ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಹೆಸರಾಂತ ಹೆಂಗಸರ ಪುಟ ಮಾತ್ರ ಈ ವರ್ಷವೂ ಬಂತು, ಅದೇ ಚಿತ್ರದೊಂದಿಗೆ. ಅದೇ ವಾರ ಪ್ರತಿಮೆಗೆ ಹೊಸ ಬಣ್ಣ ಹೊಡೆಸಿದರು. ಬಣ್ಣದವನು ಎಡತೋಳಿನ ಹತ್ತಿರ ಬಂದು ನಿಂತ. ಅಲ್ಲಿ ಮಾತ್ರ ಏನೋ ಜಿಗುಟು, ಹಳದಿ ತಿರುಗಿದೆ ಎಂದ. ಕಾವಲುಗಾರ ಟರ್ಪಂಟೈನ್ ಡಬ್ಬಿ ತಂದುಕೊಟ್ಟ. ಅವನು ಚೆನ್ನಾಗಿ ಉಜ್ಜಿ, ಒಣಗಿಸಿ, ಎರಡು ಸಲ ಹೊಡೆದ.