ಮೇಷ್ಟ್ರ ಪುಸ್ತಕದ ಹದಿನೈದು ಸಾಲು

ನಮ್ಮ ವಿಜ್ಞಾನದ ಮೇಷ್ಟ್ರ ಅಂಗಿಯ ಕಾಲರು ಹಿಂದುಗಡೆ ಮಾತ್ರ ಸವೆದು ದಾರ ಬಿಟ್ಟಿರುತ್ತಿತ್ತು. ವರ್ಷಗಟ್ಟಲೆ ಕತ್ತು ಹಿಂದಕ್ಕೆ ವಾಲಿಸಿ ಆಕಾಶ ನೋಡಿದ ಗುರುತು ಅದು. ನಿವೃತ್ತರಾದ ಮೇಲೂ ದೇವನಹಳ್ಳಿ ಪಕ್ಕದ ನಮ್ಮೂರಿನಲ್ಲಿ, ನಮ್ಮ ಎದುರು ಮನೆಯಲ್ಲೇ ಇದ್ದರು. ಸಂಜೆ ಊಟಕ್ಕೆ ಮೊದಲು ತಾರಸಿ ಹತ್ತಿ, ಶ್ರವಣ ನಕ್ಷತ್ರದ ಕೆಳಗಿನ ಒಂದು ಮಂಕು ನಕ್ಷತ್ರವನ್ನು ಅಕ್ಕಪಕ್ಕದವುಗಳ ಜೊತೆ ಹೋಲಿಸಿ, ಅದರ ಹೊಳಪನ್ನು ಪುಸ್ತಕದಲ್ಲಿ ಬರೆಯುವರು. ಅದು ಏಳು ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತದೆ. ಬೇಗ ಬೆಳಗಿ, ನಿಧಾನವಾಗಿ ಮಂಕಾಗುತ್ತದೆ.

"ಇದರಿಂದ ಏನ್ ಸಾರ್ ಪ್ರಯೋಜನ?" ಎಂದು ಕೇಳಿದ್ದೆ.

"ದೂರದ ಬಲ್ಬು ನಲವತ್ತು ಕ್ಯಾಂಡಲ್ಲೋ ನೂರು ಕ್ಯಾಂಡಲ್ಲೋ ಗೊತ್ತಾದ್ರೆ, ಎಷ್ಟು ದೂರ ಇದೆ ಅಂತ ಹೇಳ್ಬಹುದಲ್ವೇನಯ್ಯ? ಇಂಥ ನಕ್ಷತ್ರ ಎಷ್ಟು ದಿನಕ್ಕೊಂದ್ಸಲ ಮಿಡಿಯತ್ತೆ ಅನ್ನೋದ್ರಲ್ಲೇ ಅದರ ಕ್ಯಾಂಡಲ್ ಗೊತ್ತಾಗತ್ತೆ. ಪಕ್ಕದ ಗೆಲಾಕ್ಸಿಲೂ ಇಂಥವು ಇದಾವೆ. ಅವನ್ನ ನೋಡೇ ಅದರ ದೂರ ಅಳೆದಿರೋದು. ಪಕ್ಕದ್ದು ಅಂದ್ರೆ ನಮ್ಮ ಪಕ್ಕದೂರು ವಿಜಯಪುರದ ಹಾಗಲ್ಲ ಮತ್ತೆ! ಬೆಳಕು ಬರೋಕೇ ಲಕ್ಷಾಂತರ ವರ್ಷ."

ಆಗ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿತ್ತು. ದೊಡ್ಡ ದೊಡ್ಡ ದೀಪಗಳು ಏಳುತ್ತಿದ್ದವು. "ನಮ್ಮ ಆಕಾಶಕ್ಕೆ ಇದೇ ಕೊನೇ ವರ್ಷ," ಎನ್ನುತ್ತಿದ್ದರು. ಹನ್ನೊಂದು ವರ್ಷದ ಬರವಣಿಗೆಯನ್ನು ಆ ವರ್ಷ ಪೂರ್ತಿ ಮಾಡಿ, ಬೆಂಗಳೂರಿನ ನಕ್ಷತ್ರ ವೀಕ್ಷಕರಿಗೆ ಕಳಿಸಬೇಕೆಂಬ ಆಸೆ ಅವರಿಗೆ. ಅಷ್ಟರಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ತಾರಸಿ ಹತ್ತುವಂತಿರಲಿಲ್ಲ. ಹದಿನೈದು ಸಂಜೆ ನೋಡುವ ಕೆಲಸವನ್ನು ನನಗೆ ಒಪ್ಪಿಸಿದರು.

"ಮೋಡ ಇದ್ರೆ ಕಾಣಲಿಲ್ಲ ಅಂತ ಬರಿ. ಅದೂ ನೋಡಿದ ಹಾಗೇನೇ."

ಆರು ಸಂಜೆ ನೋಡಿದೆ. ಆಮೇಲೆ ನಿಲ್ದಾಣಕ್ಕೆ ಜಲ್ಲಿ ಹೊಡೆದು ಬಂದವನು ಟ್ರ್ಯಾಕ್ಟರಿನಿಂದ ಇಳಿದು ನೇರ ಇಸ್ಪೀಟಿಗೆ ಕೂರುತ್ತಿದ್ದೆ. ಉಳಿದ ಒಂಬತ್ತು ಸಂಜೆಯ ಅಂಕಿಗಳನ್ನು ಜಗಲಿಯ ಮೇಲೆ ಕೂತು ಒಂದೇ ಸಲಕ್ಕೆ ಬರೆದುಬಿಟ್ಟೆ. ಬೇಗ ಏರಿಸಿದೆ, ನಿಧಾನವಾಗಿ ಇಳಿಸಿದೆ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೇಷ್ಟ್ರು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಈ ಗುರುವಾರ ಸಂಜೆಯಿಂದ ಬೆಳಗಿನವರೆಗೂ ಬಚ್ಚಲ ತಗಡಿನ ಮೇಲೆ ಬೀಳೋ ಮಳೆ ಸದ್ದು ಕೇಳ್ತಾ ಮಲಗಿದ್ನಲ್ಲಪ್ಪ. ನಿಂಗೆ ನಕ್ಷತ್ರ ಎಲ್ಲಿ ಕಾಣ್ತು?"

"ನಡುವೆ ಮೋಡ ಬಿಟ್ಟಿತ್ತು ಸಾರ್."

"ನಾನೇನೂ ಬಯ್ಯಲ್ಲ. ಯಾವ್ಯಾವ ದಿನ ನೋಡ್ದೆ, ಅಷ್ಟು ಹೇಳು. ಅಷ್ಟನ್ನ ಉಳಿಸ್ಕೊಳ್ತೀನಿ."

"ಎಲ್ಲಾ ದಿನಾನೂ ನೋಡಿದೀನಿ ಸಾರ್."

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಹದಿನೈದೂ ಸಾಲುಗಳ ಮೇಲೆ ಓರೆಯಾಗಿ ಒಂದು ಗೀಟು ಎಳೆದರು. "ಕಾಫಿ ಕುಡ್ಕೊಂಡು ಹೋಗು," ಎಂದರು.

ಅವರ ಕಣ್ಣು ತಿಳಿಯಾಗುವಷ್ಟರಲ್ಲಿ ನಕ್ಷತ್ರ ಪಡುವಣಕ್ಕೆ ಇಳಿದಿತ್ತು. ಮರುವರ್ಷ ದೀಪಗಳ ಬೆಳಕಿನಲ್ಲಿ ಅದು ಕಾಣಿಸಲೇ ಇಲ್ಲ.

ಮೇಷ್ಟ್ರು ತೀರಿಕೊಂಡು ವರ್ಷಗಳಾದವು. ಕೊನೆಯವರೆಗೂ ಎದುರು ಮನೆಯಲ್ಲೇ ಇದ್ದರು, ದಿನಾ ಕರೆದು ಮಾತಾಡಿಸಿದರು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಬರೆಯುತ್ತಿದ್ದೇನೆ: ಮೊದಲ ಆರು ಸಂಜೆ ನಿಜವಾಗಿಯೂ ನೋಡಿದ್ದೆ ಸಾರ್. ಆ ಆರು ಸಾಲು ಸರಿಯಾಗಿಯೇ ಇದ್ದವು.