ಸೋರುವ ವಾಲ್

೧೯೬೮ರಲ್ಲಿ, ಏಳನೆಯ ಇಯತ್ತೆಯ ಅರ್ಧದಲ್ಲಿ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಕೈಗೆ ಕೆಲಸ ಹತ್ತಿತ್ತು, ಅಷ್ಟೇ. ಮುಂದೆ ಯರಗಟ್ಟಿಯ ಬಸ್ ನಿಲ್ದಾಣದ ಎದುರು ಸೈಕಲ್ಲು ಮತ್ತು ನೀರೆತ್ತುವ ಇಂಜಿನ್ನು ರಿಪೇರಿ ಮಾಡುವ ಅಂಗಡಿ ಹಾಕಿದೆ. ನಾನು ಮುಟ್ಟಿದ್ದು ಮರಳಿ ಸೋರಿ ಬಂದದ್ದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಮೊನ್ನೆ ಪಂಕ್ಚರಿಗೆ ಹಚ್ಚುವ ಸೊಲ್ಯೂಶನ್ನಿನ ಹೊಸ ಡಬ್ಬಿ ತೆರೆದಾಗ ಆ ಕಟು ವಾಸನೆ ಮೂಗಿಗೆ ಬಡಿಯಿತು. ದಿನಾ ಮೂಸುವಂಥದ್ದೇ. ಆದರೆ ಅವತ್ತು ಯಾಕೋ ಕೈ ನಿಂತಿತು... ಅಕ್ಕಾರು ನೆನಪಾದರು.

ಅಕ್ಕಾರು ನಮ್ಮ ಮಗ್ಗಲ ಮನೆಯ ಮಾಸ್ತರರ ಮಗಳು. ನನಗಿಂತ ಎರಡು ವರ್ಷ ದೊಡ್ಡವರು. ನಮ್ಮ ಓಣಿಯಿಂದ ಮೆಡಿಕಲ್ ಕಾಲೇಜಿಗೆ ಹೋದವರು ಅವರೊಬ್ಬರೇ. ಎಪ್ಪತ್ತರ ದಶಕದ ನಡುವಿನ ಮಾತಿದು. ದೇಹದ ಒಳಗಿನ ಕೆಲಸ ಕಲಿಸುವ ಫಿಜಿಯಾಲಜಿ ಎಂಬ ವಿಷಯದಲ್ಲಿ ಅವರು ಒಮ್ಮೆ ನಪಾಸಾಗಿದ್ದರು. ಇನ್ನೊಮ್ಮೆ ನಪಾಸಾದರೆ ಕಾಲೇಜು ಸಾಕು ಎಂದು ಮಾಸ್ತರರು ಹೇಳಿಬಿಟ್ಟಿದ್ದರು.

ಆ ಸಲ ಅವರ ಸರ್ ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ಇಟ್ಟಿದ್ದರು. ಪುಸ್ತಕ ಒಪ್ಪಿಸುವಂತಿಲ್ಲ, ದೇಹದ ಒಂದು ಭಾಗದ ಕೆಲಸವನ್ನು ಹಾಡಿನಲ್ಲೋ, ಆಟದಲ್ಲೋ, ಕೈಯಿಂದ ಮಾಡಿದ ವಸ್ತುವಿನಲ್ಲೋ ತೋರಿಸಬೇಕು. ಅಕ್ಕಾರು ಹೃದಯ ಆರಿಸಿಕೊಂಡು ರಜೆಯಲ್ಲಿ ನನ್ನ ಅಂಗಡಿಗೆ ಬಂದರು. ಮನೆಯಿಂದ ಅಂಗಡಿ ಏನು ಮಹಾ ದೂರ? ಅಷ್ಟರಲ್ಲೇ ಎರಡು ಕಡೆ ನಿಂತು ದಮ್ಮು ತೆಗೆದುಕೊಂಡಿದ್ದರು. ನಿದ್ದೆಗೆಟ್ಟು ಓದಿ ಹೀಗಾಗಿದೆ ಅಂದರು.

“ನಾಕ ಖೋಲಿ, ನಾಕ ವಾಲ್. ಮಾಡ್ತೀಯೇನೋ ತಮ್ಮಾ?”

“ವಾಲ್ ಕೂಡ್ಸೂದು ನನಗ ಕಲಸಬ್ಯಾಡ್ರಿ ಅಕ್ಕಾರ.”

ನನಗೆ ಗೊತ್ತಿದ್ದ ವಾಲ್ ಸೈಕಲ್ ಟ್ಯೂಬಿನದು. ಗಾಳಿಯನ್ನು ಒಳಗೆ ಬಿಟ್ಟುಕೊಂಡು ಹಿಡಿದಿಡುವಂಥದ್ದು. ರಬ್ಬರಿನ ಚೀಲಕ್ಕೆ ಅಂಥವೇ ನಾಲ್ಕು ಕೂಡಿಸಿದೆ. ಅಕ್ಕಾರು ಪಂಪು ಹೊಡೆದರು. ಹೃದಯ ಕುಂಬಳಕಾಯಿಯಂತೆ ಉಬ್ಬಿ ಢಬ್ಬೆಂದು ಒಡೆಯಿತು.

“ಸತ್ತ ನೋಡಪಾ ಪೇಶಂಟ್,” ಎಂದು ಅವರು ನಕ್ಕು ನಕ್ಕು, ಕೆಮ್ಮಿ, ಕುಳಿತೇಬಿಟ್ಟರು. ಆಮೇಲೆ, “ಹಿಡಕೊಂಡ ಕುಂಡ್ರೂದಲ್ಲೋ. ಮುಂದ ಬಿಡಬೇಕು, ಹಿಂದ ಬಿಡಬಾರದು,” ಅಂದರು.

ಅದು ಇಂಜಿನ್ನಿನ ಫುಟ್‌ವಾಲ್. ಬಾವಿಯ ತಳದಲ್ಲಿ ಕುಳಿತು ನೀರನ್ನು ಮೇಲೆ ಬಿಟ್ಟು, ಕೆಳಗೆ ಇಳಿಯಗೊಡದ ಚರ್ಮದ ಮುಚ್ಚಳ. ಒಂದನ್ನು ಬಿಚ್ಚಿ ತೋರಿಸಿದೆ. ಅಕ್ಕಾರು ಅದನ್ನು ಬೆರಳಿನಿಂದ ಎತ್ತಿ ಬಿಟ್ಟು, ಎತ್ತಿ ಬಿಟ್ಟು ನೋಡಿದರು. “ಎರಡ ವರ್ಷ ಓದೇನಿ. ಈಗ ತಿಳೀತು,” ಅಂದರು. ಫುಟ್‌ಬಾಲಿನ ಎರಡು ಬ್ಲಾಡರು, ಸೈಕಲ್ ಟ್ಯೂಬು, ನಾಲ್ಕು ಚರ್ಮದ ಮುಚ್ಚಳ, ಅಂಟಿಸಲು ಪಂಕ್ಚರಿನ ಸೊಲ್ಯೂಶನ್ನು, ಕೆಂಪು ಮಸಿ ಬೆರೆಸಿದ ನೀರು. ಒತ್ತಿದರೆ ಒಂದು ಹನಿಯೂ ಹಿಂದೆ ಬರಲಿಲ್ಲ.

ಸ್ಪರ್ಧೆಯ ದಿನ ಅದನ್ನು ಒತ್ತಿ ತೋರಿಸಲು ನಾನೂ ಬಸ್ಸು ಹತ್ತಿದೆ. ಒಬ್ಬ ಜಠರದ ಮೇಲೆ ಲಾವಣಿ ಹಾಡಿದ. ಇಬ್ಬರು ಚಹಾ ಸೋಸುವ ಅರಿವೆ ಹಿಡಿದು ಮೂತ್ರಪಿಂಡದ ಆಟ ಆಡಿದರು. ನಮ್ಮ ಸರದಿ ಬಂತು, ಒತ್ತಿದೆ. ಕೆಂಪು ನೀರು ಹಿಂದಕ್ಕೆ ಬಂತು. ದಾರಿಯ ಬಿಸಿಲಿಗೆ ಒಂದು ಮುಚ್ಚಳ ಒಣಗಿ ಸೆಟೆದಿತ್ತು. ನನ್ನ ಕೈಯ ಕೆಲಸ, ಅಷ್ಟು ಮಂದಿಯ ಮುಂದೆ...

ಸರ್ ಹತ್ತಿರ ಬಂದು ಸ್ಟೆತಾಸ್ಕೋಪನ್ನು ಬ್ಲಾಡರಿಗೆ ಹಚ್ಚಿ ಕೇಳಿದರು. “ಸೋರಲಿ ಬಿಡ್ರಿ. ಇದೂ ಒಂದ ಜಡ್ಡ. ಎಲ್ಲಾರೂ ಕೇಳ್ರಿ.” ಎಲ್ಲರೂ ಕೇಳಿದರು. ಕಡೆಗೆ ಅಕ್ಕಾರು ನನ್ನ ಕಿವಿಗೂ ಹಾಕಿದರು. ಲಬ್, ಭುಸ್... ಲಬ್, ಭುಸ್. ಟ್ಯೂಬನ್ನು ಕಿವಿಗೆ ಹಿಡಿದು ಪಂಕ್ಚರ್ ಹುಡುಕುವವನಿಗೆ ಆ ಭುಸ್ ಹೊಸದೇನಲ್ಲ. ಆಮೇಲೆ ಅಕ್ಕಾರು ಸ್ಟೆತಾಸ್ಕೋಪಿನ ತುದಿಯನ್ನು ಸೆರಗಿನೊಳಗೆ ತಮ್ಮ ಎದೆಗೆ ತಾವೇ ಒತ್ತಿಕೊಂಡು, “ಈಗ ಸೋರಲಾರದ್ದ ಕೇಳು,” ಎಂದು ನಕ್ಕರು.

ಕೇಳಿದೆ. ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದೆ. ಅಂಗಡಿಯಲ್ಲಿ ಆಡುವ ಮಾತು ಬಾಯಿಂದ ತಾನಾಗಿ ಬಂತು.

“ಅಕ್ಕಾರ, ಇದೂ ಸೋರಾಕತ್ತೈತ್ರಿ.”

ಇಡೀ ಕೋಣೆ ಗೊಳ್ಳೆಂದು ನಕ್ಕಿತು. “ಹಂಗಾರ ಒಂದ ಪಂಕ್ಚರ್ ಹಾಕಿಬಿಡ್ರಿ ಮಿಸ್ತ್ರಿ,” ಎಂದು ಹಿಂದಿನ ಬೆಂಚಿನವನೊಬ್ಬ ಕೂಗಿದ. ಅಕ್ಕಾರೂ ನಕ್ಕರು. ಸರ್ ನಗುತ್ತಲೇ ಅದನ್ನು ತೆಗೆದುಕೊಂಡು ಅವರ ಎದೆಗೆ ಹಚ್ಚಿದರು. ನಗು ಅರ್ಧಕ್ಕೇ ಹೋಯಿತು. ಜಾಗ ಬದಲಿಸಿ ಮತ್ತೆ ಕೇಳಿದರು.

“ಸಣ್ಣಾಕಿದ್ದಾಗ ಸಂದು ಬಾತು ಜ್ವರಾ ಬಂದಿತ್ತೇನವಾ?”

ಅಕ್ಕಾರು ಹೌದೆಂದು ತಲೆಯಾಡಿಸಿದರು. ಆ ಜ್ವರ ಹೃದಯದ ವಾಲನ್ನೂ ಸೆಟೆಯುವಂತೆ ಮಾಡುತ್ತದಂತೆ. ನನ್ನ ಕೈಯಲ್ಲಿದ್ದ ಬ್ಲಾಡರಿನಿಂದ ಕೆಂಪು ನೀರು ತೊಟ್ಟಿಕ್ಕುತ್ತಲೇ ಇತ್ತು.

ಅವತ್ತು ಬಡಿದ ದಿಗ್ಭ್ರಮೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅಷ್ಟು ಓದುವವರ ನಡುವೆ ಏಳನೆಯ ಇಯತ್ತೆ ಮುಗಿಸದವನ ಕಿವಿಗೇ ಅದು ಬೀಳಬೇಕೇ? ಬಿದ್ದರೂ, ಗಿರಾಕಿಯ ಟ್ಯೂಬಿನ ಬಗ್ಗೆ ಹೇಳಿದಂತೆ ಹೇಳಿಬಿಡಬೇಕೇ? ತಿರುಗಿ ಬರುವ ಬಸ್ಸಿನಲ್ಲಿ ಯರಗಟ್ಟಿ ಹತ್ತಿರವಾದಾಗ ಅಕ್ಕಾರು ಅಂದರು: “ನೀ ಸುಮ್ಮನ ಇದ್ದಿದ್ರ ಯಾರ್ ಹೇಳತಿದ್ರೋ?”

ಆ ವಿಷಯದಲ್ಲಿ ಅಕ್ಕಾರು ಪಾಸಾದರು. ಹೃದಯದ ಪ್ರಶ್ನೆಗೆ ನಿನ್ನ ಫುಟ್‌ವಾಲನ್ನೇ ಬರೆದು ಬಂದೆ ಎಂದು ನನ್ನ ಕೈಗೆ ಪೇಢೆ ಇಟ್ಟರು. ದೂರದ ಆಸ್ಪತ್ರೆಗೆ ಆಪರೇಶನ್ನಿಗೆ ಹೊರಟ ದಿನ, ಬಸ್ಸಿನ ಕಿಟಕಿಯಿಂದ, “ಅಲ್ಲಿ ಛಲೋ ಚರ್ಮ ಸಿಗಲಿಲ್ಲಂದ್ರ ನಿನಗ ಹೇಳಿ ಕಳಸ್ತೇನಿ,” ಅಂದರು.

ಮಾಸ್ತರರು ಒಬ್ಬರೇ ತಿರುಗಿ ಬಂದರು...

ನಾವು ಮಾಡಿದ ಹೃದಯದ ರಬ್ಬರು ಎಂದೋ ಪುಡಿಯಾಯಿತು. ಚರ್ಮ ಉಳಿದಿದೆ. ಸೆಟೆದ ಮುಚ್ಚಳವನ್ನು ಎಣ್ಣೆಯಲ್ಲಿ ನೆನೆಸಿ ಸರಿ ಮಾಡುವುದು ನನಗೆ ದೊಡ್ಡ ಕೆಲಸವಲ್ಲ. ಮಾಡಿಲ್ಲ. ಈಗ ನನ್ನ ಹತ್ತಿರ ಇರುವುದಿಷ್ಟು: ಅಂಗಡಿ ಒಂದು, ಪಂಪು ಎರಡು, ನಟ್ಟು ಬಿಚ್ಚುವ ಪಾನಾ ಹನ್ನೊಂದು, ಕೇಳುವ ಕಿವಿ ಒಂದು, ಚರ್ಮದ ಮುಚ್ಚಳ ನಾಲ್ಕು. ಅದರಲ್ಲಿ ಸೆಟೆದದ್ದು ಒಂದು.