ಶೇಖರನ ಮನೆ ಸೇರಿದ ರಾಣಿ ಇರುವೆ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ನಾನು ಅರ್ಧಕ್ಕೇ ಎದ್ದು ಹೋಗುತ್ತಿದ್ದವನು. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಕಗ್ಗದಾಸಪುರದಲ್ಲಿದ್ದೆ, ಶೇಖರ ಮರ್ಫಿ ಟೌನಿನವನು. ಒಂದೇ ಕಾರ್ಖಾನೆಯ ಕೆಲಸ, ಇಬ್ಬರಿಗೂ ಒಂದೇ ಹುಚ್ಚು. ಮುಂಗಾರಿನ ಮೊದಲ ಮಳೆ ನಿಂತ ಮೇಲೆ ರೆಕ್ಕೆಯ ರಾಣಿ ಇರುವೆಗಳು ಹಾರಿ, ನೆಲಕ್ಕಿಳಿದು, ರೆಕ್ಕೆ ಕಳಚಿಕೊಂಡು ಗೂಡಿಗೆ ಜಾಗ ಹುಡುಕುತ್ತವೆ. ಕೆರೆಯ ಬಯಲಿನಲ್ಲಿ ಬಗ್ಗಿ ನಡೆಯುತ್ತ ನಾವು ಅವನ್ನು ಹಿಡಿಯುತ್ತಿದ್ದೆವು. ಗಾಜಿನ ಕೊಳವೆಯ ತಳದಲ್ಲಿ ನೀರು, ಅದಕ್ಕೆ ಹತ್ತಿಯ ತಡೆ, ಈಚೆ ರಾಣಿ, ಕೊಳವೆಯ ಬಾಯಿಗೆ ಮತ್ತೆ ಹತ್ತಿ. ಕತ್ತಲಲ್ಲಿಟ್ಟರೆ ಅದು ಮೊಟ್ಟೆಯಿಟ್ಟು ಸಂಸಾರ ಹೂಡುತ್ತದೆ.

ಒಂದು ಸಲ ಹೊಟ್ಟೆಯ ಮೇಲೆ ಹೊನ್ನಿನ ಬಣ್ಣದ ರೋಮವಿದ್ದ ರಾಣಿಯೊಂದು ಸಿಕ್ಕಿತು. ಅಂಥದ್ದನ್ನು ನಾವು ಕಂಡಿರಲಿಲ್ಲ.

"ಮೊದ್ಲು ನೋಡಿದ್ದು ನಾನು ಮಗಾ," ಎಂದ ಶೇಖರ.

"ಹಿಡಿದಿದ್ದು ನಾನಲ್ವಾ," ಎಂದೆ.

ರಾಣಿಯನ್ನು ನಾನೇ ಮನೆಗೆ ಒಯ್ದು ಬೀರುವಿನ ಕತ್ತಲಲ್ಲಿಟ್ಟೆ. ಅಷ್ಟಕ್ಕೇ ನಮ್ಮಿಬ್ಬರ ಮಾತು ನಿಂತಿತು. ಆರು ತಿಂಗಳ ಮೇಲೆ, ಕಿಡ್ನಿ ಕೆಟ್ಟು ಅವನು ಹಾಸಿಗೆ ಹಿಡಿದಿದ್ದಾನೆಂದು ತಿಳಿದರೂ ನಾನು ನೋಡಲು ಹೋಗಲಿಲ್ಲ.

ಒಂದು ದಿನ ಮೊದಲ ಪಾಳಿ ಮುಗಿಸಿ ಬಂದು ಬೀರು ತೆರೆದರೆ ಆ ಕೊಳವೆ ಇಲ್ಲ. ಬೀರುವಿಗೆ ಹಾಕಿದ್ದ ಬೀಗ ಹಾಗೆಯೇ ಇತ್ತು, ಕೀ ನನ್ನ ಜೇಬಿನಲ್ಲಿತ್ತು. ನಾನೊಬ್ಬನೇ ಇದ್ದ ಮನೆ. ನಾನು ಕೊಳವೆಗಳನ್ನಿಡುವ ಜಾಗ ಗೊತ್ತಿದ್ದವನು ಶೇಖರ ಮಾತ್ರ. ಯಾರನ್ನೋ ಕಳಿಸಿ ಕದಿಸಿದ್ದಾನೆಂದುಕೊಂಡು ಜಗಳಕ್ಕೆಂದೇ ಮರ್ಫಿ ಟೌನಿನ ಬಸ್ಸು ಹತ್ತಿದೆ.

ಬಾಗಿಲು ತೆರೆದವಳು ಅವನ ಹೆಂಡತಿ ಮಣಿ. ನಾನು ಬಾಯಿ ಬಿಡುವ ಮೊದಲೇ ಅವಳು, "ಮತ್ತೆ ಬಂದ್ರಾ ಅಣ್ಣಾ? ಬೆಳಿಗ್ಗೆ ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ. ನೀವು ಕೊಟ್ಟು ಹೋದಾಗಿಂದ ಇವರು ಅದನ್ನೇ ನೋಡ್ತಾ ಮಲಗಿದಾರೆ," ಎಂದಳು.

ಬೆಳಿಗ್ಗೆ ನಾನು ಕಾರ್ಖಾನೆಯಲ್ಲಿದ್ದೆ. ಪಕ್ಕದ ಮಷೀನಿನವನು, ಸೂಪರ್‌ವೈಸರ್, ಎಲ್ಲರೂ ನೋಡಿದ್ದಾರೆ.

ಒಳಗೆ ಶೇಖರ ಊದಿದ ಕೈಯಲ್ಲಿ ಕೊಳವೆ ಹಿಡಿದಿದ್ದ. ರಾಣಿ ಹಿಡಿದ ದಿನ ನಾನೇ ಬರೆದು ಅಂಟಿಸಿದ್ದ ಚೀಟಿ ಅದರ ಮೇಲಿತ್ತು.

"ನಿನ್ ಮೇಲಿದ್ದ ಕೋಪ ಎಲ್ಲಾ ಹೋಯ್ತು ಗುರು," ಎಂದ. "ಕೊಡ್ತೀಯ ಅಂತ ಅನ್ಕೊಂಡೇ ಇರ್ಲಿಲ್ಲ."

ನಿಜ ಹೇಳಬೇಕಿತ್ತು. ತಲೆಯಾಡಿಸಿದೆ. ಮಣಿ ಕೊಟ್ಟ ಕಾಫಿಯನ್ನೂ ಕುಡಿದೆ.

ಎರಡು ತಿಂಗಳಿಗೆ ಅವನು ತೀರಿಕೊಂಡ. ಮಣ್ಣಿಗೆ ಬಂದವರಿಗೆಲ್ಲ ಮಣಿ ನನ್ನ ದೊಡ್ಡತನವನ್ನು ಹೇಳುತ್ತಿದ್ದಳು. ಅಲ್ಲೂ ತಲೆಯಾಡಿಸಿದೆ.

ಆ ಬೆಳಿಗ್ಗೆ ಬಂದವನು ಯಾವ ಬಟ್ಟೆ ತೊಟ್ಟಿದ್ದ, ಏನು ಮಾತಾಡಿದ ಎಂದು ಅವಳನ್ನು ಕೇಳಿಬಿಡಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ, ಕೇಳಿಲ್ಲ. ಬಂದವರು ಯಾರೆಂದು ಇಂದಿಗೂ ನನಗೆ ತಿಳಿಯದು. ನಾನಂತೂ ಕೊಡುತ್ತಿರಲಿಲ್ಲ.